ಇಡೀ ದೇಹದ ಉಪಾಸಕ ಕೆ.ವಿ. ಅಯ್ಯರ್

ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ತೋಳು. ಕಾಲಿನ ಸರದಿ ಶುಕ್ರವಾರಕ್ಕೋ ಶನಿವಾರಕ್ಕೋ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಜಿಮ್‌ಗಳಿಗೆ ಹೋಗುವ ಯುವಕರು ಕಂಠಪಾಠ ಮಾಡಿಕೊಂಡಿರುವ ಪಂಚಾಂಗವಿದು. ಶುಕ್ರವಾರ ಬರುವಷ್ಟರಲ್ಲಿ ಪರೀಕ್ಷೆಯೋ ಮದುವೆಯೋ ಗೋವಿನಜೋಳದ ಕಟಾವೋ ಅಡ್ಡಬಂದು ಕಾಲಿನ ಸರದಿ ತಪ್ಪುತ್ತದೆ. ವರ್ಷ ಕಳೆಯುವ ಹೊತ್ತಿಗೆ ಸೊಂಟದ ಮೇಲೆ ಭೀಮಸೇನ, ಕೆಳಗೆ ಉತ್ತರಕುಮಾರ. ಹಾನಗಲ್ಲನ್ನೇ ವಿರಾಟನಗರವೆಂದು ನಂಬಿರುವ ಸೀಮೆಯಲ್ಲಿ ಈ ಹೋಲಿಕೆಯನ್ನು ಯಾರೂ ತಪ್ಪು ತಿಳಿಯಲಾರರು ಎಂದುಕೊಂಡಿದ್ದೇನೆ.

ವಾರದ ದಿನಗಳನ್ನು ಅಂಗಾಂಗಗಳಿಗೆ ಹಂಚುವುದು ಹೇಗೆಂಬ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವವರು ಕೆ.ವಿ. ಅಯ್ಯರ್. ‘ಶಾಂತಲಾ’ ಕಾದಂಬರಿ ಓದಿದವರಿಗೆ ಅವರ ಹೆಸರು ಗೊತ್ತು. ಆ ಕಾದಂಬರಿಕಾರ ದೇಶದ ಹೆಸರಾಂತ ದೇಹದಾರ್ಢ್ಯ ಪಟುಗಳಲ್ಲಿ ಒಬ್ಬರಾಗಿದ್ದರೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ!

ಕೋಲಾರ ಸೀಮೆಯ ಬ್ರಾಹ್ಮಣ ಮನೆತನದಲ್ಲಿ 1898ರಲ್ಲಿ ಜನಿಸಿದ ವೆಂಕಟೇಶ ಅಯ್ಯರ್ ಬೆಳೆದದ್ದು ಯೂಜೆನ್ ಸ್ಯಾಂಡೋನ ಹೆಸರು ಮನೆಮಾತಾಗಿದ್ದ ಕಾಲದಲ್ಲಿ. 1904-05ರಲ್ಲಿ ಸ್ಯಾಂಡೋ ಭಾರತಕ್ಕೂ ಬಂದು ಹೋಗಿದ್ದ. ಡಂಬೆಲ್, ಬಾರ್‌ಬೆಲ್‌ಗಳ ವಿದ್ಯೆ ಹೀಗೆ ಪಶ್ಚಿಮದಿಂದ ಬಂದಿತು. ಅಯ್ಯರ್ ಅದನ್ನು ಸ್ವೀಕರಿಸಿದರು, ಆದರೆ ಒಂಟಿಯಾಗಿ ಸ್ವೀಕರಿಸಲಿಲ್ಲ. 1920ರ ದಶಕದಲ್ಲಿ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ತೆರೆದು ಭಾರ ಎತ್ತುವ ಸಾಧನೆಯ ಜೊತೆಗೆ ಹಠಯೋಗದ ಆಸನಗಳನ್ನು ಹೆಣೆದರು. ಔಂಧ್ ಸಂಸ್ಥಾನದ ರಾಜರು ಪ್ರಚಾರಕ್ಕೆ ತಂದಿದ್ದ ಸೂರ್ಯನಮಸ್ಕಾರದ ಮೇಲೆ 1937ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದಕ್ಕೂ ಮೊದಲು 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಹೊರಬಂದಿದ್ದವು. ಗ್ರೀಕ್ ಶಿಲ್ಪದ ಭಂಗಿಗಳಲ್ಲಿ ನಿಂತ ಅವರ ಛಾಯಾಚಿತ್ರಗಳನ್ನು ನೋಡಿದವರು ಯಾವುದೋ ಒಂದು ಸ್ನಾಯುವನ್ನು ಬೊಟ್ಟು ಮಾಡಿ ಹೊಗಳಲಾರರು. ಕೊರಳು, ತೋಳು, ತೊಡೆ, ಮೀನಖಂಡ ಎಲ್ಲವೂ ಒಂದೇ ಕೈ ಕಡೆದಂತಿವೆ. ಅಂಗಗಳ ಸಾಮರಸ್ಯವೇ ಅವರ ಧ್ಯೇಯವಾಗಿತ್ತು. ಮೈಸೂರು ಅರಮನೆಯ ಆಶ್ರಯವೂ ಅವರಿಗೆ ದೊರೆಯಿತು, ಜೆ.ಸಿ. ರಸ್ತೆಯ ಅವರ ವ್ಯಾಯಾಮಶಾಲೆ ಬೆಂಗಳೂರಿನ ಹೆಗ್ಗುರುತಾಯಿತು.

ಬೆಂಗಳೂರಿಗೆ ಬರಲಾಗದವರಿಗೆ ಅವರು ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. ಆಗ ನಮ್ಮ ಹಾನಗಲ್ಲ, ಹಿರೇಕೆರೂರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು, ಸವಣೂರಿನಲ್ಲಿ ನವಾಬರ ಆಡಳಿತ. ಮೈಸೂರು ಸಂಸ್ಥಾನದ ಗಡಿ ಅಂಚೆಗೆ ಅಡ್ಡಿಯಾಗಿರಲಿಲ್ಲ. ಆದರೂ ಈ ಕಡೆಯ ಹುಡುಗರಿಗೆ ಗುರುವಾಗಿದ್ದುದು ಕೆಮ್ಮಣ್ಣಿನ ಗರಡಿಮನೆ. ಅಲ್ಲಿ ದಂಡ ಹೊಡೆದರೆ ಎದೆ, ಭುಜ, ತೋಳು. ಬಸ್ಕಿ ಹೊಡೆದರೆ ತೊಡೆ, ಮೀನಖಂಡ. ಸಂಗ್ರಾಣಿ ಕಲ್ಲು ಎತ್ತಿದರೆ ಬೆನ್ನಿನಿಂದ ಬೆರಳಿನ ತನಕ. ದಂಡವೂ ಬಸ್ಕಿಯೂ ಒಂದೇ ದಿನದ ಲೆಕ್ಕ. ಅಯ್ಯರ್ ಅವರ ಕಾಲದ ಬಾರ್‌ಬೆಲ್ ಪಾಠಗಳೂ ಬಹುಮಟ್ಟಿಗೆ ಇದೇ ಹಾದಿಯವು: ಒಮ್ಮೆ ಕೈಹಾಕಿದರೆ ಇಡೀ ದೇಹ.

ದಿನಕ್ಕೊಂದು ಅಂಗವೆಂಬ ಪದ್ಧತಿ ಹರಡಿದ್ದು ಎರಡನೆಯ ಮಹಾಯುದ್ಧದ ನಂತರ, ಅಮೆರಿಕದ ಸ್ಪರ್ಧಾಳುಗಳಿಂದ. ಒಂದೊಂದು ಸ್ನಾಯುವಿಗೂ ಹತ್ತಾರು ಸೆಟ್ ಮಾಡುವವರಿಗೆ ಎಲ್ಲವನ್ನೂ ಒಂದೇ ದಿನ ಮುಗಿಸುವುದು ಅಸಾಧ್ಯವಾಗಿತ್ತು. ಸ್ಟೀರಾಯ್ಡ್ ಮಾತ್ರೆಗಳು ಜಿಮ್ ಹೊಕ್ಕದ್ದೂ 1950ರ ದಶಕದ ಕೊನೆಯಲ್ಲೇ ಎಂಬುದನ್ನು ಮರೆಯಬಾರದು. ಆ ದೇಹಗಳಿಗೆ ಹೊಂದಿದ ವೇಳಾಪಟ್ಟಿಯನ್ನು ಕಾಲೇಜು ಮುಗಿಸಿ ಸಂಜೆಯ ಬಸ್ಸಿನಲ್ಲಿ ಊರಿಗೆ ಮರಳುವ ಹುಡುಗನ ಕೈಗಿಡುವುದು ನನಗೆ ಒಪ್ಪಿಗೆಯಾಗದು.

ವಿಜ್ಞಾನ ಇಂದು ಹೇಳುವುದೂ ಸರಳವಾಗಿದೆ. ಭಾರ ಎತ್ತಿದ ಸ್ನಾಯು ತನ್ನನ್ನು ಕಟ್ಟಿಕೊಳ್ಳುವ ಕೆಲಸ ಒಂದೆರಡು ದಿನ ಚುರುಕಾಗಿ ನಡೆದು ಆಮೇಲೆ ಮಂದವಾಗುತ್ತದೆ. ವಾರದ ಒಟ್ಟು ಸೆಟ್‌ಗಳು ಸಮವಾಗಿದ್ದರೆ ಅವನ್ನು ಎಷ್ಟು ದಿನಗಳಿಗೆ ಹಂಚಿದರೂ ಬೆಳವಣಿಗೆಯಲ್ಲಿ ಹೆಚ್ಚು ಅಂತರ ಕಾಣುವುದಿಲ್ಲ. ಹಾಗಾದರೆ ಆಯ್ಕೆಗೆ ಉಳಿಯುವುದು ಅನುಕೂಲವೊಂದೇ. ವಾರಕ್ಕೆ ಮೂರು ದಿನ ಸಿಗುವವರು ದಿನ ಬಿಟ್ಟು ದಿನ ಇಡೀ ದೇಹಕ್ಕೆ ಕೆಲಸ ಕೊಡಲಿ. ನಾಲ್ಕು ದಿನ ಸಿಕ್ಕರೆ ಸೊಂಟದ ಮೇಲಿನ ಭಾಗಕ್ಕೆ ಎರಡು, ಕೆಳಗಿನದಕ್ಕೆ ಎರಡು. ಒಂದು ದಿನ ತಪ್ಪಿದರೂ ಯಾವ ಅಂಗವೂ ಇಡೀ ವಾರ ಉಪವಾಸ ಬೀಳುವುದಿಲ್ಲ. ಎಪಿಎಂಸಿಯಲ್ಲಿ ದಿನವಿಡೀ ಚೀಲ ಹೊರುವ ತರುಣ ತನ್ನ ಬೆನ್ನಿಗೆ ಆಗಲೇ ಆಗಿರುವ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದನ್ನು ಯಾವ ಜಿಮ್ಮಿನ ಗೋಡೆಯ ಪಟ್ಟಿಯೂ ಹಿಡಿಯುವುದಿಲ್ಲ.

ಅಯ್ಯರ್ ಅವರ ಬದುಕಿನಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ವ್ಯಾಯಾಮಶಾಲೆಯ ಇನ್ನೊಂದು ಮುಖ. ಟಿ.ಪಿ. ಕೈಲಾಸಂ ಅಲ್ಲಿ ಬಂದು ನೆಲೆಯೂರುತ್ತಿದ್ದರು. ಕೂತು ಬರೆಯುವ ಜಾಯಮಾನ ಕೈಲಾಸಂ ಅವರದಲ್ಲ. ಅವರು ಹೇಳುತ್ತಿದ್ದರು, ಆಪ್ತರು ಬರೆದುಕೊಳ್ಳುತ್ತಿದ್ದರು. ಅಯ್ಯರ್ ಬಳಗ ಆ ಆಪ್ತರಲ್ಲಿತ್ತು. ಅದೇ ಅಂಗಳದಿಂದ ‘ರವಿ ಕಲಾವಿದರು’ ತಂಡ ಹುಟ್ಟಿ ನಾಟಕಗಳನ್ನು ಆಡಿತು. ಕೈಲಾಸಂ 1946ರಲ್ಲಿ ತೀರಿಕೊಂಡ ಮೇಲೆ ಅಯ್ಯರ್ ಅವರ ನೆನಪುಗಳನ್ನು ಪುಸ್ತಕವಾಗಿಸಿದರು. ವಾರದ ಆರು ಸಂಜೆಗಳನ್ನೂ ತೋಳಿಗೆ, ಭುಜಕ್ಕೆ ಹಂಚಿಕೊಟ್ಟ ಮನುಷ್ಯನಿಗೆ ಇಷ್ಟಕ್ಕೆಲ್ಲ ಬಿಡುವು ಎಲ್ಲಿಂದ ಬರಬೇಕು?

ಕಾದಂಬರಿಗಳಲ್ಲಿ ನನಗೆ ಪ್ರಿಯವಾದುದು ‘ರೂಪದರ್ಶಿ’. ಬಾಲ ಯೇಸುವಿನ ಚಿತ್ರಕ್ಕೆ ದಿವ್ಯ ಮುಖವೊಂದನ್ನು ಹುಡುಕಿ ಪಡೆದ ಇಟಲಿಯ ಕಲಾವಿದ, ವರ್ಷಗಳ ನಂತರ ದ್ರೋಹಿ ಜುದಾಸನಿಗೆ ಕ್ರೂರ ಮುಖ ಹುಡುಕಿ ಹೊರಟಾಗ ಸಿಗುವವನೂ ಅದೇ ವ್ಯಕ್ತಿ. ಮೈಕಟ್ಟನ್ನು ಬೆಳಸುವುದನ್ನೇ ವೃತ್ತಿಯಾಗಿಸಿಕೊಂಡವರು ಮುಖ ಹೇಗೆ ಕೆಡುತ್ತದೆ ಎಂಬುದನ್ನು ಇಷ್ಟು ತಾಳ್ಮೆಯಿಂದ ಬರೆದರು. 1980ರಲ್ಲಿ, ಎಂಬತ್ತೆರಡರ ಆಸುಪಾಸಿನಲ್ಲಿ ಅಯ್ಯರ್ ನಿಧನರಾದರು. ಅವರ ಕಾದಂಬರಿಗಳು ನಮ್ಮ ಕಡೆಯ ಗ್ರಂಥಾಲಯಗಳ ಕಪಾಟಿನಲ್ಲಿ ಸಿಗುತ್ತವೆ. ವ್ಯಾಯಾಮದ ಪುಸ್ತಕಗಳು ನನಗೆ ಅಲ್ಲಿ ಇದುವರೆಗೆ ಸಿಕ್ಕಿಲ್ಲ.