ಮನನೊಂದವರ ಬಂಧು ಸಂತ ಯೊವಾನ್ನರು

ಪ್ರತಿವರ್ಷ ಮಾರ್ಚ್ 8ರಂದು ಧರ್ಮಸಭೆಯು ದೇವರ ಸಂತ ಯೊವಾನ್ನರನ್ನು ಸ್ಮರಿಸುತ್ತದೆ. ಜಾನ್ ಆಫ್ ಗಾಡ್ ಎಂದು ಪ್ರಸಿದ್ಧರಾದ ಇವರು ರೋಗಿಗಳ, ದಾದಿಯರ ಹಾಗೂ ಆಸ್ಪತ್ರೆಗಳ ಪಾಲಕ ಸಂತರು. ಆದರೆ ರೋಗಿಗಳ ಸೇವೆಗೆ ತೊಡಗುವ ಮುನ್ನ ಅವರೇ ಹುಚ್ಚರೆನಿಸಿಕೊಂಡು ಬಂಧನದಲ್ಲಿದ್ದರೆಂಬ ಸಂಗತಿ ಅನೇಕರಿಗೆ ತಿಳಿಯದು.

1495ರಲ್ಲಿ ಪೋರ್ಚುಗಲ್ಲಿನ ಮೊಂತೆಮೊರ್ ಎಂಬ ಊರಿನಲ್ಲಿ ಜನಿಸಿದ ಯೊವಾನ್ನರು ಎಂಟರ ಎಳವೆಯಲ್ಲೇ ಮನೆಯಿಂದ ದೂರವಾದರು. ಸ್ಪೇನಿನಲ್ಲಿ ಕುರಿ ಕಾಯ್ದರು. ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನ್ಯ ಸೇರಿ ಯುದ್ಧದ ಕ್ರೌರ್ಯವನ್ನು ಕಂಡರು. ಬಹುಕಾಲದ ಮೇಲೆ ಹುಟ್ಟೂರಿಗೆ ಮರಳಿದಾಗ, ಮಗನ ಅಗಲಿಕೆಯ ಕೊರಗಿನಲ್ಲೇ ತಾಯಿ ತೀರಿಕೊಂಡಿದ್ದಳೆಂದು ತಿಳಿಯಿತು. ಅದು ಅವರ ಅಂತರಂಗದಲ್ಲಿ ಮಾಯದ ಗಾಯವಾಯಿತು.

ಮುಂದೆ ಗ್ರನಾಡಾ ನಗರದಲ್ಲಿ ಪುಸ್ತಕ ಮಾರುತ್ತಿದ್ದಾಗ, ಸಂತ ಸೆಬಾಸ್ತಿಯನ್ನರ ಹಬ್ಬದಂದು ಅವಿಲದ ಯೊವಾನ್ನರ ಪ್ರಬೋಧನೆಯನ್ನು ಆಲಿಸಿದರು. ಅದುಮಿಟ್ಟ ದುಃಖವೆಲ್ಲ ಒಮ್ಮೆಲೇ ಉಕ್ಕಿಬಂತು. ಇದ್ದುದನ್ನೆಲ್ಲ ಹಂಚಿ, ಬೀದಿಯಲ್ಲಿ ಹೊರಳಾಡಿ ಗೋಳಿಟ್ಟರು. ಜನರು ಅವರನ್ನು ರಾಜಾಸ್ಪತ್ರೆಗೆ ಸೇರಿಸಿದರು. ಮನೋರೋಗಿಗಳನ್ನು ಕಟ್ಟಿಹಾಕಿ ಚಾವಟಿಯಿಂದ ಹೊಡೆಯುವುದೇ ಅಂದಿನ ಚಿಕಿತ್ಸೆ. ತಮಗೆ ಬಿದ್ದ ಏಟಿಗಿಂತ ಪಕ್ಕದವರಿಗೆ ಬಿದ್ದ ಏಟು ಅವರನ್ನು ಹೆಚ್ಚು ನೋಯಿಸಿತು. ಇಂಥ ದೀನರನ್ನು ಪ್ರೀತಿಯಿಂದ ಆರೈಕೆ ಮಾಡುವ ಮನೆಯೊಂದನ್ನು ಕಟ್ಟಬೇಕೆಂಬ ಸಂಕಲ್ಪ ಅಲ್ಲಿಯೇ ಮೂಡಿತು. ಅವಿಲದ ಯೊವಾನ್ನರ ಮಾರ್ಗದರ್ಶನವು ಅವರಲ್ಲಿ ನೆಮ್ಮದಿ ತಂದಿತು.

ಬಿಡುಗಡೆಯಾದ ಬಳಿಕ ಬಾಡಿಗೆ ಮನೆಯೊಂದರಲ್ಲಿ ರೋಗಿಗಳಿಗೂ ನಿರ್ಗತಿಕರಿಗೂ ಆಶ್ರಯವಿತ್ತರು. ಹೆಗಲಿಗೆ ಬುಟ್ಟಿ ಹೊತ್ತು ರಾತ್ರಿವೇಳೆ ಭಿಕ್ಷೆ ಬೇಡಿದರು. ಕೊಡುವವನು ತನಗೇ ಒಳಿತು ಮಾಡಿಕೊಳ್ಳುತ್ತಾನೆಂಬುದು ಅವರು ಸಾರಿದ ಮಾತು. ತಮ್ಮನ ಕೊಲೆಗೆ ಸೇಡು ತೀರಿಸಲು ಹೊರಟಿದ್ದ ಆಂತೋನ್ ಮಾರ್ತಿನನನ್ನೂ ಕೊಲೆಗಾರ ಪೆದ್ರೊ ವೆಲಾಸ್ಕೊನನ್ನೂ ಸಂಧಾನಗೊಳಿಸಿದರು. ಇಬ್ಬರೂ ಅವರ ಸಹಸೇವಕರಾದರು. ದ್ವೇಷದಿಂದ ಬೆಂದ ಮನಸ್ಸಿಗೆ ಕ್ಷಮೆಯೇ ಮದ್ದಾಯಿತು.

1549ರ ಜುಲೈ 3ರಂದು ರಾಜಾಸ್ಪತ್ರೆಗೆ ಬೆಂಕಿ ಬಿತ್ತು. ತಮ್ಮನ್ನು ಕಟ್ಟಿ ಹೊಡೆದ ಅದೇ ಕಟ್ಟಡದೊಳಕ್ಕೆ ಯೊವಾನ್ನರು ನುಗ್ಗಿ ರೋಗಿಗಳನ್ನು ಹೊತ್ತು ತಂದರು. ಹಳೆಯ ನೋವನ್ನು ಅವರು ಮರೆತಿರಲಿಲ್ಲ; ಅದನ್ನು ದಯೆಯಾಗಿ ಮಾರ್ಪಡಿಸಿಕೊಂಡಿದ್ದರು. 1550ರ ಮಾರ್ಚ್ 8ರಂದು ಮೊಣಕಾಲೂರಿ ಪ್ರಾರ್ಥಿಸುತ್ತಲೇ ದೈವಾಧೀನರಾದರು. 1690ರಲ್ಲಿ ಅವರಿಗೆ ಸಂತಪದವಿ ಲಭಿಸಿತು. ಅವರ ಸಹೋದರರ ಸಭೆ ಇಂದಿಗೂ ಅನೇಕ ದೇಶಗಳಲ್ಲಿ ರೋಗಿಗಳ ಸೇವೆಯಲ್ಲಿ ನಿರತವಾಗಿದೆ.

ನಮ್ಮ ಕುಟುಂಬಗಳಲ್ಲಿಯೂ ಮನನೊಂದವರಿದ್ದಾರೆ. ಬಾಲ್ಯದ ಪೆಟ್ಟು, ಆಪ್ತರ ಮರಣ, ಹೇಳಲಾಗದ ಅಪಮಾನಗಳು ಅವರನ್ನು ಒಳಗೊಳಗೇ ಕಾಡುತ್ತಿರಬಹುದು. ಮರ್ಯಾದೆಗಂಜಿ ಅವರನ್ನು ಬಚ್ಚಿಡುವುದು, ಗದರಿಸಿ ಬಾಯಿ ಮುಚ್ಚಿಸುವುದು ಹಳೆಯ ಚಾವಟಿಯ ಇನ್ನೊಂದು ರೂಪವೇ ಸರಿ. ವೈದ್ಯರ ನೆರವು ಪಡೆಯುವುದು ವಿಶ್ವಾಸದ ಕೊರತೆಯಲ್ಲ. ತಾಳ್ಮೆಯಿಂದ ಅವರ ಬಳಿ ಕುಳಿತು ಆಲಿಸೋಣ. ಅದುವೇ ಸಂತ ಯೊವಾನ್ನರಿಗೆ ನಾವು ಸಲ್ಲಿಸುವ ನಿಜವಾದ ಗೌರವ.