ಒಡ್ಡಿನ ಬುಡವನ್ನು ಅಳೆದವರು: ಸರ್ ಎಂ. ವಿಶ್ವೇಶ್ವರಯ್ಯ

ಘಟಪ್ರಭೆಯ ನೀರು ಕುಡಿದು ಬೆಳೆದ ನಮಗೆ ಒಡ್ಡು, ಕಾಲುವೆ ಹೊಸ ಮಾತಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯವಿದೆ. ಅದರ ಕೆಳಗೆ, ಗೋಕಾಕ ತಾಲೂಕಿನ ಧುಪದಾಳದಲ್ಲಿ ಬ್ರಿಟಿಷರ ಕಾಲದ ಕಲ್ಲಿನ ಒಡ್ಡು ಇದೆ. ಅಲ್ಲಿಂದ ಹೊರಟ ಕಾಲುವೆಯ ನೀರೇ ಮೂಡಲಗಿ ಕಡೆಯ ಕಬ್ಬಿನ ಹೊಲಗಳಿಗೆ ಹೋಗುತ್ತದೆ. ಕಲ್ಲಿನ ಒಡ್ಡನ್ನು ಕಂಡವರಿಗೆಲ್ಲ ಗೊತ್ತಿರುವ ಒಂದು ಸಂಗತಿಯಿದೆ. ಅದರ ಗೋಡೆ ತಲೆಯಲ್ಲಿ ಕಿರಿದು, ಬುಡದಲ್ಲಿ ಅಗಲ. ಬುಡ ಎಷ್ಟು ಅಗಲವಿರಬೇಕು ಎಂಬ ಪ್ರಶ್ನೆಯ ಮೇಲೆ ನೂರು ವರ್ಷಗಳ ಹಿಂದೆ ಎರಡು ಸರ್ಕಾರಗಳು ಜಗಳವಾಡಿದವು. ಆ ಜಗಳದ ನಡುವೆ ನಿಂತಿದ್ದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರ ಜೀವನವನ್ನು ಈ ಸುವರ್ಣ ಮಹೋತ್ಸವ ಸಂಚಿಕೆಯ ಓದುಗರ ಮುಂದೆ ಇಡುತ್ತಿದ್ದೇನೆ. ಎಂಜಿನಿಯರ್ ದಿನಾಚರಣೆಯಲ್ಲಿ ಪ್ರತಿವರ್ಷ ಕೇಳುವ ಎರಡು ಮೇಣದಬತ್ತಿಯ ಕಥೆ, ರೈಲು ನಿಲ್ಲಿಸಿದ ಕಥೆ ಇಲ್ಲಿ ಇಲ್ಲ. ಅವನ್ನು ಹೇಳುವವರು ಬಹಳ ಜನ ಇದ್ದಾರೆ. ಅವರು ಮಾಡಿದ ಲೆಕ್ಕವನ್ನು ಹೇಳುವವರು ಕಡಿಮೆ.

ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿ ಅವರ ಹುಟ್ಟೂರು. ಜನನ ಸೆಪ್ಟೆಂಬರ್ 15, 1860. ಇಸವಿಯನ್ನು 1861 ಎಂದು ಬರೆಯುವುದೂ ಉಂಟು. ತಂದೆ ಶ್ರೀನಿವಾಸಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಬಡತನದ ಮನೆ. ಹುಡುಗ ಇನ್ನೂ ಶಾಲೆಯಲ್ಲಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಸಿಕ್ಕಿತು. ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳುತ್ತ, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು. ನಮ್ಮ ಬೆಳಗಾವಿ ಜಿಲ್ಲೆಯೂ ಆಗ ಅದೇ ಮುಂಬಯಿ ಪ್ರಾಂತದಲ್ಲಿತ್ತು. ಅಂದರೆ ಮೈಸೂರಿನವರು ಅವರನ್ನು ತಮ್ಮವರೆಂದು ಕರೆಯುವ ಮೊದಲೇ ಇಪ್ಪತ್ತನಾಲ್ಕು ವರ್ಷ ಅವರು ನಮ್ಮ ಸರ್ಕಾರದ ನೌಕರರಾಗಿದ್ದರು ಎನ್ನಲು ಅಡ್ಡಿಯಿಲ್ಲ.

ಈಗ ಆ ಲೆಕ್ಕಕ್ಕೆ ಬರೋಣ. ಹೈಸ್ಕೂಲಿನಲ್ಲಿ ತ್ರಿಭುಜದ ಮಧ್ಯರೇಖೆಗಳು ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆ, ಅದು ಗುರುತ್ವ ಕೇಂದ್ರ ಎಂದು ಕಲಿತಿದ್ದೇವೆ. ರಟ್ಟಿನ ತ್ರಿಭುಜವನ್ನು ಆ ಬಿಂದುವಿನಲ್ಲಿ ಪೆನ್ಸಿಲ್ ತುದಿಯ ಮೇಲೆ ಇಟ್ಟರೆ ಅದು ಬೀಳದೆ ನಿಲ್ಲುತ್ತದೆ. ಆ ಬಿಂದು ತಳದಿಂದ ಎತ್ತರದ ಮೂರನೇ ಒಂದು ಭಾಗದಲ್ಲಿರುತ್ತದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನೇ ಸೆಂಟ್ರಾಯ್ಡ್ ಎನ್ನುತ್ತಾರೆ.

ಒಡ್ಡಿಗೆ ಆತು ನಿಂತ ನೀರಿನ ಒತ್ತಡ ಮೇಲ್ಭಾಗದಲ್ಲಿ ಸೊನ್ನೆ. ಕೆಳಗೆ ಇಳಿದಂತೆ ಸಮನಾಗಿ ಏರುತ್ತದೆ. ಅದರ ಚಿತ್ರ ಬರೆದರೆ ತ್ರಿಭುಜವೇ ಆಗುತ್ತದೆ. ಆದ್ದರಿಂದ ಒಟ್ಟು ನೂಕು ಬಲ ಬುಡದಿಂದ ಮೂರನೇ ಒಂದು ಎತ್ತರದಲ್ಲಿ ಕೆಲಸ ಮಾಡುತ್ತದೆ. 90 ಅಡಿ ನೀರಿದ್ದರೆ 30 ಅಡಿ ಎತ್ತರದಲ್ಲಿ ಯಾರೋ ಗೋಡೆಯನ್ನು ದೂಡುತ್ತಿದ್ದಂತೆ. ಗೋಡೆಯನ್ನು ಉಳಿಸುವುದು ಅದರ ತೂಕ ಮಾತ್ರ. ನೀರಿನ ಕಡೆ ನೇರವಾಗಿ, ಆಚೆ ಕಡೆ ಇಳಿಜಾರಾಗಿ ಇರುವ ತ್ರಿಭುಜಾಕಾರದ ಗೋಡೆಯ ತೂಕ, ನೀರಿನ ಕಡೆಯ ಅಂಚಿನಿಂದ ಬುಡದ ಮೂರನೇ ಒಂದು ಭಾಗದಲ್ಲಿ ನೆಲಕ್ಕೆ ಇಳಿಯುತ್ತದೆ. ನೀರು ತುಂಬಿದಂತೆಲ್ಲ ಭಾರ ಬೀಳುವ ಜಾಗ ಆಚೆ ಕಡೆಗೆ ಸರಿಯುತ್ತದೆ. ಅದು ಬುಡದ ನಡುವಿನ ಮೂರನೇ ಭಾಗವನ್ನು ದಾಟಬಾರದು. ದಾಟಿದರೆ ನೀರಿನ ಕಡೆಯ ಅಂಚು ಮೇಲಕ್ಕೆ ಎಳೆತಕ್ಕೆ ಸಿಗುತ್ತದೆ. ಕಲ್ಲು ಗಾರೆಯ ಗೋಡೆ ಎಷ್ಟು ಭಾರವನ್ನಾದರೂ ಹೊತ್ತೀತು, ಎಳೆತವನ್ನು ತಾಳುವುದಿಲ್ಲ. ಬಿರುಕು ಬಿಡುತ್ತದೆ, ಬಿರುಕಿನೊಳಗೆ ನೀರು ನುಗ್ಗಿ ಗೋಡೆಯನ್ನು ಎತ್ತುತ್ತದೆ. ಫ್ರಾನ್ಸಿನ ಬೂಝೆ ಎಂಬಲ್ಲಿ ಹೀಗೆಯೇ ತೆಳುವಾಗಿದ್ದ ಒಂದು ಒಡ್ಡು 1895ರಲ್ಲಿ ಒಡೆದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆಗ ವಿಶ್ವೇಶ್ವರಯ್ಯನವರು ಸಿಂಧ್ ಪ್ರಾಂತದ ಸುಕ್ಕೂರಿಗೆ ಕುಡಿಯುವ ನೀರು ಒದಗಿಸುವ ಕೆಲಸದ ಕೊನೆಯಲ್ಲಿದ್ದರು.

ನಡುವಿನ ಮೂರನೇ ಭಾಗ ಎಂಬ ಅಳತೆ ಎಲ್ಲಿಂದ ಬಂತು? ಅದನ್ನು ಕೊಡುವುದು ಮೊಮೆಂಟ್ ಆಫ್ ಇನರ್ಶಿಯಾ. ಹೆಸರು ದೊಡ್ಡದು, ಕೆಲಸ ನಮ್ಮ ಬಡಿಗರಿಗೆಲ್ಲ ಗೊತ್ತಿರುವಂಥದ್ದು. 2 ಇಂಚು ದಪ್ಪ, 6 ಇಂಚು ಅಗಲದ ಹಲಗೆಯನ್ನು ಮಲಗಿಸಿ ಮೇಲೆ ನಿಂತರೆ ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿದರೆ ಜಗ್ಗುವುದಿಲ್ಲ. ಅಗಲವನ್ನು ಎತ್ತರದ ಘನದಿಂದ ಗುಣಿಸಿ 12ರಿಂದ ಭಾಗಿಸಬೇಕು. ಮಲಗಿಸಿದಾಗ 4, ನಿಲ್ಲಿಸಿದಾಗ 36. ಕಟ್ಟಿಗೆ ಅದೇ, ಬಾಗದೆ ನಿಲ್ಲುವ ಬಿಗಿ ಒಂಬತ್ತು ಪಟ್ಟು. ಒಡ್ಡಿನ ಬುಡಕ್ಕೂ ಇದೇ ಸೂತ್ರ ಹಚ್ಚಿದರೆ, ಭಾರವು ನಡುಗೆರೆಯಿಂದ ಅತ್ತ ಇತ್ತ ಬುಡದ ಆರನೇ ಒಂದು ಭಾಗದವರೆಗೆ ಮಾತ್ರ ಸರಿಯಬಹುದು ಎಂದು ಬರುತ್ತದೆ. ಎರಡೂ ಕಡೆ ಕೂಡಿದರೆ ಮೂರನೇ ಒಂದು ಭಾಗ.

ವಿಶ್ವೇಶ್ವರಯ್ಯನವರಿಗೆ ಮೊದಲು ದೊಡ್ಡ ಹೆಸರು ತಂದದ್ದು ಪುಣೆ ಹತ್ತಿರದ ಖಡಕ್‌ವಾಸ್ಲಾ. ಅಲ್ಲಿ ಮಳೆಗಾಲದಲ್ಲಿ ಕೋಡಿಯ ಮೇಲಿಂದ ನೀರು ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ಒಡ್ಡನ್ನು ಎತ್ತರಿಸುವುದು ಸುಲಭದ ಮಾತಲ್ಲ. ನೀರು ಏರಿದರೆ ಗೋಡೆಯನ್ನು ಉರುಳಿಸುವ ಬಲ ಎತ್ತರದ ಘನದಷ್ಟು ಏರುತ್ತದೆ. ಆದರೆ ಮಹಾಪೂರ ಬಂದಾಗ ನೀರು ಎಷ್ಟು ಏರಬಹುದೋ ಅಷ್ಟನ್ನು ತಾಳುವಂತೆ ಆ ಗೋಡೆಯನ್ನು ಮೊದಲೇ ಕಟ್ಟಿದ್ದರು. ಹಾಗಿದ್ದರೆ ಆ ಮಟ್ಟದವರೆಗೆ ನೀರನ್ನು ದಿನವೂ ಯಾಕೆ ನಿಲ್ಲಿಸಬಾರದು ಎಂದು ಅವರು ಯೋಚಿಸಿದರು. ಕೋಡಿಯ ಮೇಲೆ, ಪ್ರತಿತೂಕ ಕಟ್ಟಿದ ಬಾಗಿಲುಗಳನ್ನು ಕೂಡಿಸಿದರು. ನೀರು ಗೊತ್ತಾದ ಮಟ್ಟ ಮೀರಿದರೆ ಅವು ತಾವಾಗಿ ತೆರೆಯುತ್ತವೆ, ಇಳಿದರೆ ತಾವಾಗಿ ಮುಚ್ಚುತ್ತವೆ. ಸುಮಾರು 8 ಅಡಿ ಹೆಚ್ಚಿನ ನೀರು ನಿಂತಿತು, ಗೋಡೆಗೆ ಹೊಸದಾಗಿ ಒಂದು ಕಲ್ಲು ಸೇರಿಸಲಿಲ್ಲ. 1903ರ ಈ ಬಾಗಿಲುಗಳು ಮುಂದೆ ಗ್ವಾಲಿಯರಿನ ತಿಗ್ರಾ ಒಡ್ಡಿಗೂ, ಕೃಷ್ಣರಾಜಸಾಗರಕ್ಕೂ ಹೋದವು.

ಕಾಲುವೆ ನೀರನ್ನು ಸರದಿಯ ಮೇಲೆ ಹಂಚುವ ಬ್ಲಾಕ್ ಪದ್ಧತಿ, ಏಡನ್ನಿನ ನೀರು ಮತ್ತು ಚರಂಡಿ ಯೋಜನೆ ಎಲ್ಲ ಈ ಕಾಲದವು. ಆದರೂ ಮುಂಬಯಿ ಇಲಾಖೆಯಲ್ಲಿ ಮುಖ್ಯ ಎಂಜಿನಿಯರ್ ಹುದ್ದೆ ಭಾರತೀಯನಿಗೆ ದೊರೆಯುವ ಸಂಭವ ಆಗ ಇರಲಿಲ್ಲ. 1908ರಲ್ಲಿ ಅವರು ತಾವಾಗಿ ನಿವೃತ್ತಿ ಪಡೆದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮರ ಸರ್ಕಾರ ಅವರನ್ನು ಕರೆಸಿತು. ನದಿಯ ಮೇಲ್ಭಾಗದಲ್ಲಿ ಪೂರದ ನೀರು ತಡೆಯುವ ಜಲಾಶಯಗಳಾಗಬೇಕೆಂದು ಅವರು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹಾಗೆ.

1909ರ ನವೆಂಬರ್‌ನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಕನ್ನಂಬಾಡಿಯ ಹತ್ತಿರ ಕಾವೇರಿಗೆ ಒಡ್ಡು ಹಾಕುವ ಯೋಜನೆ ಸಿದ್ಧವಾಯಿತು. 124 ಅಡಿ ಎತ್ತರ, 41.5 ಟಿಎಂಸಿ ನೀರು. ಮದ್ರಾಸ್ ಸರ್ಕಾರ ಒಪ್ಪಲಿಲ್ಲ. ತಂಜಾವೂರಿನ ಗದ್ದೆಗಳಿಗೆ ನೀರು ಕಡಿಮೆಯಾದೀತೆಂಬ ಅವರ ಭಯ ಸುಳ್ಳೇನಲ್ಲ. ಕಾಲುವೆಯ ಕೊನೆಯಲ್ಲಿ ಹೊಲ ಇರುವ ನಮ್ಮವರಿಗೆ ಅದು ಬೇಗ ತಿಳಿಯುತ್ತದೆ. ಕೊನೆಗೆ 80 ಅಡಿ, 11 ಟಿಎಂಸಿಗೆ ಮಾತ್ರ ಒಪ್ಪಿಗೆ ಬಂತು. 1911ರಲ್ಲಿ ಕೆಲಸ ಶುರುವಾಯಿತು.

ಇಲ್ಲಿ ಅವರು ಮಾಡಿದ್ದೇನೆಂದರೆ, 80 ಅಡಿಗೆ ಒಪ್ಪಿಗೆ ಇದ್ದರೂ ಬುಡವನ್ನು 124 ಅಡಿಯ ಗೋಡೆಗೆ ಬೇಕಾದಷ್ಟು ಅಗಲ ಹಾಕಿಸಿದರು. ಇದು ಯಾಕೆ ಅಷ್ಟು ದೊಡ್ಡ ಸಂಗತಿ ಎಂಬುದನ್ನು ಹೈಸ್ಕೂಲಿನ ಹುಡುಗನೂ ಲೆಕ್ಕ ಮಾಡಬಹುದು. 124ನ್ನು 80ರಿಂದ ಭಾಗಿಸಿದರೆ 1.55. ಅದರ ಘನ ಸುಮಾರು 3.7. ನೀರಿನ ಎತ್ತರ ಒಂದೂವರೆ ಪಟ್ಟು ಆದರೆ ಉರುಳಿಸುವ ಬಲ ಹೆಚ್ಚುಕಡಿಮೆ ನಾಲ್ಕು ಪಟ್ಟು! ಕಲ್ಲಿನ ಗೋಡೆ ನೀರಿಗಿಂತ ಎರಡೂಕಾಲು ಪಟ್ಟು ಭಾರ ಎಂದು ಹಿಡಿದು, ಕೆಳಗಿನಿಂದ ಜಿನುಗುವ ನೀರನ್ನು ಬಿಟ್ಟು ಬರೀ ತ್ರಿಭುಜದ ಲೆಕ್ಕ ಹಾಕಿದರೆ, ಬುಡ ಎತ್ತರದ ಮೂರನೇ ಎರಡು ಭಾಗವಾದರೂ ಬೇಕು. 80 ಅಡಿಗೆ ಸುಮಾರು 53 ಅಡಿ, 124 ಅಡಿಗೆ ಸುಮಾರು 83 ಅಡಿ. (ನಿಜವಾದ ಒಡ್ಡಿಗೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ.) ಕಿರಿದಾದ ಬುಡದ ಮೇಲೆ ಆಮೇಲೆ ಗೋಡೆ ಏರಿಸಲು ಬರುವುದಿಲ್ಲ, ಹೊಳೆಯಲ್ಲಿ ನೀರು ನಿಂತ ಮೇಲೆ ಬುಡವನ್ನು ಅಗಲ ಮಾಡುವುದು ಕಷ್ಟದಲ್ಲಿ ಕಷ್ಟ. ಅಗಲ ಬುಡ ಹಾಕಿಬಿಟ್ಟರೆ ಒಪ್ಪಿಗೆ ಸಿಕ್ಕ ದಿನ ಮೇಲಕ್ಕೆ ಕಟ್ಟಬಹುದು. ಸಿಗದಿದ್ದರೆ ಹಾಕಿದ ಹಣವೆಲ್ಲ ನೆಲದೊಳಗೆ ವ್ಯರ್ಥ.

ಮದ್ರಾಸಿನವರು ಬುಡದ ಅಗಲ ನೋಡಿಯೇ ಮೈಸೂರಿನ ಮನಸ್ಸು ತಿಳಿದುಕೊಂಡರು. ವಿಷಯ ಪಂಚಾಯ್ತಿಗೆ ಹೋಯಿತು. 1914ರಲ್ಲಿ ನ್ಯಾಯಾಧೀಶ ಗ್ರಿಫಿನ್ ಕೊಟ್ಟ ತೀರ್ಪನ್ನೂ ಮದ್ರಾಸ್ ಒಪ್ಪಲಿಲ್ಲ. 1924ರ ಒಪ್ಪಂದದವರೆಗೆ ಎಳೆದಾಟ ನಡೆಯಿತು. ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ಕಾವೇರಿಯ ಎರಡು ದಂಡೆಯವರು ಇಂದಿಗೂ ಬೇರೆ ಬೇರೆ ಉತ್ತರ ಕೊಡುತ್ತಾರೆ. ನನ್ನ ಮಟ್ಟಿಗೆ, ಅವರು ಲೆಕ್ಕದ ಪ್ರಕಾರ ಸರಿ, ನೆರೆಹೊರೆಯ ಪ್ರಕಾರ ಒರಟು. ಸಿಮೆಂಟಿನ ಬದಲು ಸುರ್ಕಿ ಗಾರೆಯಿಂದ ಕಟ್ಟಿದ ಆ ಒಡ್ಡು 1930ರ ದಶಕದ ಆರಂಭದಲ್ಲಿ ಪೂರ್ಣವಾಯಿತು. ಮಂಡ್ಯದ ಬಯಲು ಹಸಿರಾಯಿತು. ಹಳೆಯ ಕನ್ನಂಬಾಡಿ ಊರು ಮುಳುಗಿತು. ಬೇಸಿಗೆಯಲ್ಲಿ ಹಿಡಕಲ್ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೆದ್ದು ಕಾಣುವುದನ್ನು ನೋಡಿದವರಿಗೆ ಮುಳುಗಿದ ಊರೆಂದರೇನು ಎಂದು ಹೇಳಬೇಕಾಗಿಲ್ಲ.

1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಈ ಆರು ವರ್ಷಗಳ ಫಲ. ಹಿಂದುಳಿದ ವರ್ಗದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಪ್ರಶ್ನೆ ಬಂದಾಗ ಅವರಿಗೂ ಮಹಾರಾಜರಿಗೂ ಅಭಿಪ್ರಾಯ ಹೊಂದಲಿಲ್ಲ. ಯೋಗ್ಯತೆ ಕೆಟ್ಟೀತೆಂದು ಅವರು ಹೆದರಿದರು. ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು, ಇವರು ದಿವಾನಗಿರಿ ಬಿಟ್ಟರು. ಈ ವಿಷಯದಲ್ಲಿ ಮಹಾರಾಜರ ದೃಷ್ಟಿಯೇ ದೊಡ್ಡದಾಗಿತ್ತು ಎಂದು ನಾನು ತಿಳಿದಿದ್ದೇನೆ. ನಮ್ಮಂಥ ಸರ್ಕಾರಿ ಶಾಲೆಗಳಲ್ಲಿ ಓದಿ ಮುಂದೆ ಬಂದವರ ಪಟ್ಟಿಯನ್ನು ನೋಡಿದರೆ ಸಾಕು.

ಆಮೇಲೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿದರು. 1955ರಲ್ಲಿ ಭಾರತ ರತ್ನ ಬಂತು, 1960ರಲ್ಲಿ ಶತಮಾನೋತ್ಸವ ನಡೆಯಿತು. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪಿಸಿದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಹುಕ್ಕೇರಿ ತಾಲೂಕಿನ ನಿಡಸೋಶಿಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವ ನಮ್ಮ ಮಕ್ಕಳು ಸೆಂಟ್ರಾಯ್ಡ್, ಮೊಮೆಂಟ್ ಆಫ್ ಇನರ್ಶಿಯಾ ಲೆಕ್ಕಗಳನ್ನು ಬಿಡಿಸುವುದು ಆ ವಿಶ್ವವಿದ್ಯಾಲಯದ ಪರೀಕ್ಷೆಗೇ.

1961ರ ಜುಲೈ 12ರಂದು ಪುಣೆಯ ಮೇಲ್ಭಾಗದ ಪಾನ್‌ಶೇತ್ ಎಂಬ ಹೊಸ ಮಣ್ಣಿನ ಒಡ್ಡು ಒಡೆಯಿತು. ಆ ನೀರೆಲ್ಲ ಖಡಕ್‌ವಾಸ್ಲಾದ ಮೇಲೆ ಬಿದ್ದಿತು. ಯಾವ ಮಹಾಪೂರದ ಮಟ್ಟಕ್ಕೆ ಆ ಗೋಡೆಯನ್ನು ಕಟ್ಟಿದ್ದರೋ, ಯಾವ ಮಟ್ಟವನ್ನು ನಂಬಿ ಎಂಜಿನಿಯರ್ ಒಬ್ಬರು ಬಾಗಿಲು ಕೂಡಿಸಿದ್ದರೋ, ಅದನ್ನು ಮೀರಿ ನೀರು ಗೋಡೆಯ ತಲೆಯ ಮೇಲೆ ಹರಿಯಿತು. ಹಳೆಯ ಕಲ್ಲಿನ ಒಡ್ಡು ಕೆಲವು ಗಂಟೆ ತಡೆದು ನಿಂತು, ಆಮೇಲೆ ಒಡೆದು, ಪುಣೆಯ ತಗ್ಗಿನ ಪೇಟೆಗಳು ಮುಳುಗಿದವು. ವಿಶ್ವೇಶ್ವರಯ್ಯನವರು ಆಗ ಬೆಂಗಳೂರಿನಲ್ಲಿ ಬದುಕಿದ್ದರು. ಮರುವರ್ಷ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.