ಘಟಪ್ರಭಾ ಬಂದಾಗ ನೆನಪಾಗುವ ಡಾಕ್ಟರು

ಶಿರೂರಿನಿಂದ ಹುಬ್ಬಳ್ಳಿಗೆ ಹೊರಟಾಗಲೆಲ್ಲ ನಗರ ರಸ್ತೆಯಲ್ಲಿ ಯರವಡಾ ದಾಟಿ ಪುಣೆ ಸ್ಟೇಷನ್ ತಲುಪುತ್ತೇನೆ. ರಾತ್ರಿಯ ರೈಲು ಮಿರಜ್ ಬಿಟ್ಟ ಮೇಲೆ ಘಟಪ್ರಭಾ ಬರುತ್ತದೆ. ಯರವಡಾ, ಘಟಪ್ರಭಾ, ಹುಬ್ಬಳ್ಳಿ: ಈ ಮೂರೂ ಊರುಗಳು ನನಗೆ ಒಬ್ಬರನ್ನೇ ನೆನಪಿಸುತ್ತವೆ. ಅವರು ಡಾ. ನಾ. ಸು. ಹರ್ಡೀಕರ್.

1889ರಲ್ಲಿ ಹುಟ್ಟಿದ ಹರ್ಡೀಕರರು ಕಲಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಕಲಿತರು. ಅಲ್ಲಿದ್ದಾಗಲೇ ಲಾಲಾ ಲಜಪತ ರಾಯರ ಜೊತೆ ಸ್ವರಾಜ್ಯಕ್ಕಾಗಿ ದುಡಿದರು. 1921ರಲ್ಲಿ ಊರಿಗೆ ಮರಳಿದಾಗ ದವಾಖಾನೆ ತೆರೆದು ನೆಮ್ಮದಿಯಾಗಿ ಇರಬಹುದಿತ್ತು. ಅವರು ಹುಬ್ಬಳ್ಳಿಯ ಯುವಕರನ್ನು ಕಟ್ಟಿಕೊಂಡು ಸೇವೆಗೆ ಇಳಿದರು.

1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿನ ಕಷ್ಟ ತಾಳದೆ ಅನೇಕರು ಕ್ಷಮೆ ಕೇಳಿ ಹೊರಬಂದರು. ಹುಬ್ಬಳ್ಳಿಯವರು ಮಾತ್ರ ಅಲುಗಲಿಲ್ಲ. ಬರೀ ಉತ್ಸಾಹ ಸಾಲದು, ತರಬೇತಿ ಬೇಕು ಎಂಬುದು ಅಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಅದೇ ವರ್ಷ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದೂಸ್ಥಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು. ದಿನನಿತ್ಯದ ಹೊಣೆ ಹೊತ್ತವರು ನಮ್ಮ ಡಾಕ್ಟರು.

ನಮ್ಮ ಮಹಿಳಾ ವೇದಿಕೆಯಲ್ಲಿ ಮುಖ್ಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಸೇವಾದಳದ ಮಹಿಳಾ ವಿಭಾಗದ ನೇತೃತ್ವ ಉಮಾಬಾಯಿ ಕುಂದಾಪುರ ಅವರದಾಯಿತು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು ಅವರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಬೆಳಗಾವಿ ಅಧಿವೇಶನಕ್ಕೆ ಉಮಾಬಾಯಿ ನೂರಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸಜ್ಜುಗೊಳಿಸಿದರು. ಅವರಲ್ಲಿ ಅನೇಕರು ವಿಧವೆಯರು. ಮದುವೆಮನೆಯ ಹೊಸ್ತಿಲಲ್ಲೂ ಕಾಣಿಸಿಕೊಳ್ಳಬಾರದು ಎನ್ನುತ್ತಿದ್ದ ಕಾಲದಲ್ಲಿ ಆ ಹೆಣ್ಣುಮಕ್ಕಳು ಸಾವಿರಾರು ಜನರ ನಡುವೆ ನಿಂತು ಕೆಲಸ ಮಾಡಿದರು. ಔಷಧಿ ಚೀಟಿಯಲ್ಲಿ ಬರೆಯಲಾಗದ ಚಿಕಿತ್ಸೆ ಅದು ಎಂದು ನನಗೆ ಅನಿಸುತ್ತದೆ. 1932ರಲ್ಲಿ ಉಮಾಬಾಯಿ ಯರವಡಾ ಜೈಲು ಸೇರಿದರು. ಅದಕ್ಕೇ ಆ ದಾರಿಯಲ್ಲಿ ಹೋಗುವಾಗ ನನ್ನ ಕಣ್ಣು ಆ ಕಡೆ ಹೊರಳುತ್ತದೆ.

ಇಷ್ಟರ ನಡುವೆಯೂ ಹರ್ಡೀಕರರು ವೈದ್ಯವೃತ್ತಿಯ ಋಣ ಮರೆಯಲಿಲ್ಲ. 1929ರಲ್ಲಿ ಗೆಳೆಯ ವೈದ್ಯರೊಂದಿಗೆ ಸೇರಿ ಘಟಪ್ರಭಾದಲ್ಲಿ ಆರೋಗ್ಯಧಾಮ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ ರಾಜ್ಯಸಭೆಯ ಸದಸ್ಯರಾದರು. 1958ರಲ್ಲಿ ಪದ್ಮಭೂಷಣ ಬಂತು. 1975ರಲ್ಲಿ ತೀರಿಕೊಂಡರು.

ರಾಜ್ಯೋತ್ಸವದ ದಿನ ನಾವೂ ಎದೆಗೆ ಸ್ವಯಂಸೇವಕಿ ಎಂಬ ಬ್ಯಾಡ್ಜ್ ಹಚ್ಚಿಕೊಳ್ಳುತ್ತೇವೆ. ಫೋಟೊ ತೆಗೆದಾದ ಮೇಲೆ ಕುರ್ಚಿ ಎತ್ತಿಡಲು ಎಷ್ಟು ಜನ ಉಳಿಯುತ್ತೇವೆ? ನಾನೂ ಎಷ್ಟೋ ಸಲ ಬೇಗ ಹೊರಟಿದ್ದೇನೆ. ಈ ವರ್ಷ ಕೊನೆಯವರೆಗೂ ಇರಬೇಕೆಂದುಕೊಂಡಿದ್ದೇನೆ. ನೀವೂ ಇರ್ತೀರಲ್ಲ?